ಸಾವಿರ ಅಂಕದ ಚೆಂಡು, ಎರಡು ಪಕ್ಕೆಲುಬು

ಉತ್ತರ ಧ್ರುವದ ಅಂಚಿನ ನವುಯಾಕ್‌ನಲ್ಲಿ ಐದು ವರ್ಷಕ್ಕೊಬ್ಬ ಭರವಸೆಯ ಬ್ಯಾಸ್ಕೆಟ್‌ಬಾಲ್ ಆಟಗಾರ ಹುಟ್ಟುತ್ತಾನೆ. ಊರಿನ ನಾನೂರು ಜನ ಅವನನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತಾರೆ, ಕುತ್ತಿಗೆ ನೋವು ಬಂದಾಗ ಇಳಿಸಿ ಮುಂದಿನವನನ್ನು ಹೊರುತ್ತಾರೆ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಸೌಟು ಹಿಡಿದಿರುವ ಮಾರ್ವಾ ಟುಕ್ಲುಕ್ ಇಂಥ ನಾಲ್ಕು ಭರವಸೆಗಳಿಗೆ ಊಟ ಬಡಿಸಿದ್ದಾಳೆ. ಮೊದಲನೆಯ ಭರವಸೆ ಈಗ ಊರಿನ ಕಕ್ಕಸಿನ ಟ್ಯಾಂಕಿನ ಲಾರಿ ಓಡಿಸುತ್ತದೆ. ಎರಡನೆಯದು ದಕ್ಷಿಣದ ಪಟ್ಟಣಕ್ಕೆ ಹೋಗಿ, ಮೂರೇ ತಿಂಗಳಿಗೆ ಮನೆ ನೆನಪಾಗಿ ಮೂಗು ಸುರಿಸುತ್ತ ವಾಪಸಾಯಿತು. ಲೆಸ್ಟರ್ ಎಂಬ ಮೂರನೆಯದು ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಹೊಟ್ಟೆ ಇಳಿಬಿಟ್ಟುಕೊಂಡು ಕೂತಿದೆ. ಸಕ್ಕರೆ ಕೇಳಿ ಬಂದವರಿಗೂ ಬ್ಯಾಟರಿ ಕೇಳಿ ಬಂದವರಿಗೂ ತನ್ನ ಮೊಣಕಾಲು ಕೈಕೊಟ್ಟ ಕಥೆಯನ್ನು ಪುಕ್ಕಟೆಯಾಗಿ ಕಟ್ಟಿ ಕೊಡುತ್ತದೆ. ನಾಲ್ಕನೆಯದರ ಮಾತು ಎತ್ತದಿರುವುದೇ ಒಳ್ಳೆಯದು.

ಐದನೆಯ ಭರವಸೆ ಮಾರ್ವಾಳ ಮನೆಯಲ್ಲೇ ಬೆಳೆಯಿತು. ಅದು ಅವಳ ಗ್ರಹಚಾರ.

ವೆಂಡೆಲ್ ಅವಳ ಅಕ್ಕ ವೆರ್ನಾಳ ಮಗ. ಈಗ ಹದಿನೇಳು ವರ್ಷ, ಎತ್ತರ ಆರಡಿ ನಾಲ್ಕಂಗುಲ. ಊರಿನ ಗಂಡಸರಲ್ಲಿ ಹೆಚ್ಚಿನವರು ಅವನ ಕಂಕುಳಿಗೆ ಬರುತ್ತಾರೆ. ಆ ಎತ್ತರ ಅಪ್ಪನದು. ಅಪ್ಪ ನವುಯಾಕ್‌ಗೆ ರನ್‌ವೇ ಹಾಕಲು ದಕ್ಷಿಣದಿಂದ ಬಂದವನು, ಕೆಲಸ ಮುಗಿದ ವಾರವೇ ತಾನು ಹಾಕಿದ ರನ್‌ವೇಯ ಮೇಲಿಂದಲೇ ಹಾರಿಹೋದ. ಇಡೀ ಬದುಕಿನಲ್ಲಿ ಆ ಮನುಷ್ಯ ನೆಟ್ಟಗೆ ಮುಗಿಸಿದ ಕೆಲಸ ಆ ರನ್‌ವೇ ಒಂದೇ ಇರಬೇಕು. ವೆರ್ನಾ ಮಗನಿಗೆ ಹತ್ತು ತುಂಬಿದ ಶರತ್ಕಾಲದಲ್ಲಿ ಎದೆಯ ಕಾಯಿಲೆಯಿಂದ ತೀರಿಕೊಂಡಳು. ಮದುವೆ ಮಕ್ಕಳು ಯಾವುದೂ ಇಲ್ಲದ ಮಾರ್ವಾ ಹುಡುಗನನ್ನೂ ಅವನ ಎರಡು ಚೀಲ ಬಟ್ಟೆಯನ್ನೂ ಸ್ಲೆಡ್ಜಿನ ಮೇಲೆ ಹಾಕಿಕೊಂಡು ತನ್ನ ಮನೆಗೆ ತಂದಳು. ಅವನು ಅವಳನ್ನು ಚಿಕ್ಕಿ ಅನ್ನುತ್ತಿದ್ದ, ಚಿಕ್ಕಿ ಅಂತಲೇ ಮುಂದುವರಿಸಿದ.

ಬೆಳೆಸಿದ್ದಕ್ಕೆ ಅವಳಿಗೆ ಸಿಕ್ಕಿದ್ದೇನು? ಒಂದು ಜಂಬದ ಕೋಳಿ. ಮೈನಸ್ ನಲವತ್ತರ ಚಳಿಯಲ್ಲೂ ಕೂದಲಿನ ಅಲಂಕಾರ ಕೆಡಬಾರದೆಂದು ಟೋಪಿಯಿಲ್ಲದೆ ಶಾಲೆಗೆ ಹೋಗುತ್ತಿದ್ದ. ಕಿವಿಯ ತುದಿ ಸುಟ್ಟು ಕಪ್ಪಾಯಿತು, ಕೂದಲು ಮಾತ್ರ ಕೆಡಲಿಲ್ಲ. ಒಂದನೇ ತರಗತಿಯ ಪುಟಾಣಿಗಳು ಬೂಟು ಬಿಚ್ಚಿ ಹಿಡಿದರೆ ಅದರ ಮೇಲೆ ಸಹಿ ಹಾಕಿಕೊಡುತ್ತಿದ್ದ. ಮನೆಯಲ್ಲಿ ನೀರಿನ ಡ್ರಮ್ಮು ಬರಿದಾಗಿದ್ದರೆ ಅದರ ಪಕ್ಕದಲ್ಲೇ ಹಾದುಹೋಗಿ, "ಚಿಕ್ಕೀ, ನೀರು ಖಾಲಿಯಾಗಿದೆ" ಎಂದು ವರದಿ ಒಪ್ಪಿಸುತ್ತಿದ್ದ.

"ನಿಂಗೆ ಕೈ ಇಲ್ವೇನೋ?"

"ಈ ಕೈ ಜೋಪಾನ ಮಾಡ್ಬೇಕಂತೆ. ಕೋಚ್ ಹೇಳಿದಾರೆ."

ಕೋಚ್ ಎಂದರೆ ಬಿಸಿಲೂರಿನಿಂದ ಬಂದು ಎರಡು ಚಳಿಗಾಲ ಕಳೆದ ಮೇಷ್ಟ್ರು. ಅವನಿಗೆ ಸೀಲ್ ಎಂಬ ಕಡಲಪ್ರಾಣಿಯ ಎಣ್ಣೆಯ ವಾಸನೆ ಬಂದರೆ ವಾಕರಿಕೆ. ಆದರೆ ವೆಂಡೆಲ್‌ನ ಹೆಸರು ಹೇಳುವಾಗ ಬಾಯಲ್ಲಿ ಬೆಣ್ಣೆ. ಆಟದಲ್ಲಿ ವೆಂಡೆಲ್ ಚೆಂಡು ಹಿಡಿದನೆಂದರೆ ಮುಗಿಯಿತು, ಅದು ಮತ್ತೊಬ್ಬನ ಕೈ ಸೇರುವುದಿಲ್ಲ. ತಂಡದ ಉಳಿದ ನಾಲ್ವರು ಅವನ ಆಟವನ್ನು ತುಸು ಹತ್ತಿರದಿಂದ ನೋಡಲೆಂದು ಚಡ್ಡಿ ಹಾಕಿಕೊಂಡು ಬಂದ ಪ್ರೇಕ್ಷಕರಂತೆ ಆಚೆಯಿಂದ ಈಚೆಗೆ ಓಡುತ್ತಿದ್ದರು. ಊರಿನವರು ಅದಕ್ಕೂ ಚಪ್ಪಾಳೆ ತಟ್ಟುತ್ತಿದ್ದರು. ಬೇಟೆಯಾಡಿದ ತಿಮಿಂಗಿಲವನ್ನು ಕೊನೆಯ ಮನೆಗೂ ಪಾಲು ಹಾಕಿ ಕಳಿಸುವ ಈ ಜನಕ್ಕೆ ಒಂದು ಚೆಂಡನ್ನು ಹಂಚಿಕೊಳ್ಳದವನು ದೇವರಾಗಿದ್ದು ಹೇಗೋ ಮಾರ್ವಾಳಿಗೆ ತಿಳಿಯಲಿಲ್ಲ.

ಕಡಲ ಮಂಜುಗಡ್ಡೆಯ ಮೇಲೆ ಮಾತ್ರ ಈ ದೇವರು ಯಾವುದಕ್ಕೂ ಬಾರದವನು. ಮಾರ್ವಾಳ ಅಣ್ಣ ಆಲ್ಬನ್ ತಿಮಿಂಗಿಲ ಬೇಟೆಯ ದೋಣಿಯ ಯಜಮಾನ. ಸೋದರಳಿಯನನ್ನು ಪ್ರತಿ ವಸಂತದಲ್ಲೂ ಬಿಡಾರಕ್ಕೆ ಕರೆದೊಯ್ದು ಕಾಫಿ ಕಾಸಲು ಕೂರಿಸುತ್ತಿದ್ದ. ಕಾಫಿಯೂ ನೀರು ನೀರು.

"ಇವನ ಕೈಗೆ ಬಂದೂಕು ಕೊಟ್ರೆ ಸೀಲ್‌ಗಳು ನೀರಿಂದ ತಲೆ ಎತ್ತಿ ನಗ್ತಾವೆ ಕಣೇ," ಎನ್ನುತ್ತಿದ್ದ ಆಲ್ಬನ್. "ಏಳು ವರ್ಷ ಆಯ್ತು. ಒಂದು ಬಾತುಕೋಳೀನೂ ಇವನಿಗೆ ಬಿದ್ದಿಲ್ಲ. ಯಾಕೆ ಅಂತೀನಿ?"

ಯಾಕೆ ಎಂಬುದು ಮಾರ್ವಾಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂಬ ಹೆದರಿಕೆಯಿತ್ತು. ಅಣ್ಣ ಆ ಮಾತು ಎತ್ತಿದಾಗಲೆಲ್ಲ ಅವಳು ಎದ್ದುಹೋಗಿ ಪಾತ್ರೆ ತಿಕ್ಕುತ್ತಿದ್ದಳು.

ವೆಂಡೆಲ್‌ಗೂ ಒಂದು ಬೇಟೆ ಸಿಕ್ಕಿತ್ತು. ತಾಯಿ ಸತ್ತ ಮುಂದಿನ ಏಪ್ರಿಲ್, ಹತ್ತು ವರ್ಷದವನಿದ್ದಾಗ, ಆಲ್ಬನ್‌ನ ಜೊತೆ ಗಡ್ಡೆಯ ಮೇಲೆ ಹೋಗಿ ಒಂದೇ ಗುಂಡಿಗೆ ಸೀಲ್ ಹೊಡೆದಿದ್ದ. ಮೊದಲ ಬೇಟೆಯನ್ನು ಬೇಟೆಯಾಡಿದವನು ತಿನ್ನುವಂತಿಲ್ಲ, ಅವನ ತಾಯಿಯೂ ನಾಲಿಗೆಗೆ ತಾಕಿಸುವಂತಿಲ್ಲ. ಕೊನೆಯ ಚೂರಿನವರೆಗೆ ಊರಿನ ಹಿರಿಯರಿಗೆ ಹೋಗಬೇಕು. ಹಿರಿಯರು ತಾವಾಗಿ ಕರೆದು ಕೊಟ್ಟರೆ ಉಳಿದವರು ತಿನ್ನಬಹುದು. ಹಾಗೆ ಕೊಟ್ಟವನಿಗೆ ಪ್ರಾಣಿಗಳು ಮತ್ತೆ ಮತ್ತೆ ಒಲಿಯುತ್ತವೆ. ತಾನೇ ತಿಂದವನ ಕಡೆ ಅವು ತಿರುಗಿಯೂ ನೋಡುವುದಿಲ್ಲ. ನವುಯಾಕ್‌ನಲ್ಲಿ ಮೂರು ವರ್ಷದ ಮಗುವಿಗೂ ಇದು ಗೊತ್ತು.

ಆ ಸೀಲಿನ ಪಕ್ಕೆ ಊರಿನ ಎಲ್ಲರಿಗಿಂತ ಹಿರಿಯಳಾದ ಫ್ಲಾಸಿ ಅಜ್ಜಿಯ ಪಾಲಿಗೆ ಹೋಗಿತ್ತು. ಅಜ್ಜಿಗೆ ಆಗಲೇ ಕಣ್ಣು ಮಂಜು, ಕೈ ನಡುಕ. "ಬೇಯಿಸಿ ಕಳ್ಸೇ ಮಾರ್ವಾ" ಎಂದಿದ್ದಳು. ಮಾರ್ವಾ ದೊಡ್ಡ ಪಾತ್ರೆಯಲ್ಲಿ ಪಕ್ಕೆಯನ್ನು ಕುದಿಯಲಿಟ್ಟಳು. ಹುಡುಗ ಒಲೆಯ ಪಕ್ಕ ನೆಲದ ಮೇಲೆ ಕೂತಿದ್ದ. ತಾಯಿ ಸತ್ತ ದಿನದಿಂದ ಅವನು ನೆಟ್ಟಗೆ ಉಂಡಿರಲಿಲ್ಲ. ಗಟ್ಟಿ ಬಿಸ್ಕತ್ತು ಚಹಾದಲ್ಲಿ ಅದ್ದಿ ಒಂದು ಬಿಸ್ಕತ್ತಿಗೆ ಒಂದು ಗಂಟೆ ಮಾಡುತ್ತಿದ್ದ. ಆ ದಿನ ಮಾಂಸದ ವಾಸನೆಗೆ ಮೂಗು ಅರಳಿಸಿ, "ಚಿಕ್ಕೀ, ಹಸಿವು" ಎಂದ. ಆರು ತಿಂಗಳಲ್ಲಿ ಮೊದಲ ಬಾರಿಗೆ ಹಾಗೆಂದ.

ಮಾರ್ವಾ ಪಾತ್ರೆಯಿಂದ ಎರಡು ಪಕ್ಕೆಲುಬು ತೆಗೆದಳು. ಒಂದನ್ನು ಅವನ ಕೈಗೆ ಕೊಟ್ಟಳು. ಅವನೊಬ್ಬನೇ ತಪ್ಪಿತಸ್ಥನಾಗುವುದು ಬೇಡವೆಂದು ಇನ್ನೊಂದನ್ನು ತಾನು ತಿಂದಳು. ಇಬ್ಬರೂ ಮೂಳೆಯನ್ನು ಚೀಪಿ ಚೀಪಿ ಬೆಳ್ಳಗೆ ಮಾಡಿ ಒಲೆಗೆ ಹಾಕಿದರು. ಆ ಮಾತು ಮತ್ತೆ ಅವರ ನಡುವೆ ಬರಲೇ ಇಲ್ಲ.

ಹೀಗಾಗಿ, ಹುಡುಗ ಬೆಳೆಯುತ್ತ ಬೆಳೆಯುತ್ತ ಯಾರಿಗೂ ಏನನ್ನೂ ಕೊಡದ ಪ್ರಾಣಿಯಾದಾಗ, ಮಾರ್ವಾ ಅವನನ್ನು ನೋಡಿ ಮೂಗು ಮುರಿಯುತ್ತಿದ್ದಳು. ಮುರಿದ ಮರುಕ್ಷಣ, ಹೀಗೆ ಮಾಡಿದವಳು ನಾನೇ ಅಲ್ಲವೇ ಎನಿಸುತ್ತಿತ್ತು. ಭಾನುವಾರ ಚರ್ಚಿನಲ್ಲಿ ಮೊದಲ ಬೆಂಚು ಅವಳದು. ಪಕ್ಕೆಲುಬಿಗೂ ಅದೃಷ್ಟಕ್ಕೂ ಸಂಬಂಧವಿಲ್ಲವೆಂದು ಪಾದ್ರಿಗಿಂತ ಚೆನ್ನಾಗಿ ವಾದಿಸಬಲ್ಲಳು. ವಾದದಲ್ಲಿ ತನ್ನನ್ನು ತಾನು ಒಮ್ಮೆಯೂ ಗೆದ್ದಿರಲಿಲ್ಲ.

ಆ ಜನವರಿಯಲ್ಲಿ, ಸೂರ್ಯ ಎರಡು ತಿಂಗಳ ರಜೆ ಮುಗಿಸಿ ಬಂದ ವಾರ, ವೆಂಡೆಲ್ ಶಾಲೆಯ ಪರವಾಗಿ ಸಾವಿರ ಅಂಕ ಮುಟ್ಟಿದ. ಕೋಚ್ ಆಟ ನಿಲ್ಲಿಸಿ, ಚಿನ್ನದ ಬಣ್ಣ ಬಳಿದ ಚೆಂಡೊಂದನ್ನು ಅವನ ಕೈಗಿಟ್ಟು ಭಾಷಣ ಮಾಡಿದ. "ಇದು ನಿನ್ನದು, ವೆಂಡೆಲ್! ನಿನ್ನದು ಮಾತ್ರ! ಸಾಯೋವರೆಗೂ ಇಟ್ಟುಕೋ!" ವೆಂಡೆಲ್ ಅದನ್ನು ಮನೆಗೆ ತಂದು ತಾಯಿಯ ಫೋಟೊ ಇದ್ದ ಹಲಗೆಯ ಮೇಲಿಟ್ಟ. ಫೋಟೊ ಮೂಲೆಗೆ ಸರಿಯಿತು.

ಮರುದಿನ ಅಂಗಡಿಯಲ್ಲಿ ಲೆಸ್ಟರ್ ಬಾಯಿ ಬಿಟ್ಟ. "ಮೊದಲನೇ ಸಾವಿರ ಅಲ್ವೇನ್ರೋ? ಅದೂ ಒಂಥರಾ ಮೊದಲ ಬೇಟೆನೇ ಅಲ್ವಾ? ಫ್ಲಾಸಿ ಅಜ್ಜಿಗೆ ಕೊಟ್ನಂತಾ?"

ತಮಾಷೆಗೆ ಆಡಿದ ಮಾತು. ನವುಯಾಕ್‌ನಲ್ಲಿ ಚಳಿಗಾಲ ಉದ್ದ, ತಮಾಷೆ ಮೂರು ದಿನದಲ್ಲಿ ಹಳಸಿ ಸತ್ಯವಾಗುತ್ತದೆ. ನಾಲ್ಕನೆಯ ದಿನ ಪಕ್ಕದೂರಿನಲ್ಲಿ ನಡೆದ ಆಟದಲ್ಲಿ ವೆಂಡೆಲ್ ಇಪ್ಪತ್ತೆರಡು ಸಲ ಎಸೆದು ಐದು ಸಲ ಬುಟ್ಟಿ ಕಂಡ. ಅದರ ಮುಂದಿನ ಆಟದಲ್ಲಿ ಹತ್ತೊಂಬತ್ತಕ್ಕೆ ಮೂರು. ಚೆಂಡು ಬುಟ್ಟಿಯ ಬಳೆಯ ಅಂಚಿಗೆ ಬಡಿದು, ಸುತ್ತಿ, ಒಳಗೆ ಇಣುಕಿ, ಬೇಡವೆಂದು ಹೊರಗೆ ಬೀಳುತ್ತಿತ್ತು. ಈಗ ಯಾರೂ ನಗಲಿಲ್ಲ.

"ಅಜ್ಜಿಗೆ ಕೊಡದೆ ಇಟ್ಕೊಂಡ ನೋಡು, ಅದಕ್ಕೇ." "ಚೆಂಡು ಮುನಿಸ್ಕೊಂಡಿದೆ." ನಿನ್ನೆಯವರೆಗೆ ಅವನ ಸಹಿಯಿದ್ದ ಬೂಟು ತೊಟ್ಟು ಮೆರೆದ ಮಕ್ಕಳು ಅವನು ಬಂದರೆ ದಾರಿಯ ಆಚೆ ಬದಿಗೆ ಹೋದರು. ಎಂಥ ಜನ! ಹೊತ್ತು ಕುಣಿಯುವುದಕ್ಕೂ ಎಲ್ಲರಿಗಿಂತ ಮುಂದೆ, ಬೀಳಿಸಿ ನೋಡುವುದಕ್ಕೂ ಮುಂದೆ.

ಹೀಗಿರುವಾಗ ದಕ್ಷಿಣದ ಕಾಲೇಜೊಂದರಿಂದ ಫೋನು ಬಂತು. ಅವರ ತಂಡಕ್ಕೆ ಹುಡುಗರನ್ನು ಆರಿಸುವವನು ಬರುತ್ತಾನೆ, ಶುಕ್ರವಾರ ಶನಿವಾರದ ಎರಡು ಆಟ ನೋಡುತ್ತಾನೆ, ಒಪ್ಪಿಗೆಯಾದರೆ ನಾಲ್ಕು ವರ್ಷದ ಓದು, ಊಟ, ವಸತಿ ಎಲ್ಲ ಅವರದೇ. ಮಾರ್ವಾ ಆ ಮಾತು ಕೇಳಿ ಸ್ಟೂಲಿನ ಮೇಲೆ ಕೂತಳು. ಈ ಹುಡುಗನಿಗೆ ಬಂದೂಕು ಬಾರದು, ದೋಣಿ ಬಾರದು, ಕಾಫಿ ಕೂಡ ಬಾರದು. ಇದೊಂದು ತಪ್ಪಿದರೆ ಅವನು ಲೆಸ್ಟರ್‌ನ ಪಕ್ಕದಲ್ಲಿ ಇನ್ನೊಂದು ಸ್ಟೂಲು ಹಾಕಿಕೊಂಡು ಹೊಟ್ಟೆ ಬೆಳೆಸುವುದು ಖಂಡಿತ. ಹಾಗಾದರೆ ಅದಕ್ಕೆ ಕಾರಣ ತನ್ನ ಪಾತ್ರೆಯಿಂದ ಎದ್ದ ಒಂದು ಪಕ್ಕೆಲುಬು.

ಗುರುವಾರದ ವಿಮಾನದಲ್ಲಿ ಎದುರಾಳಿ ತಂಡದ ಹುಡುಗರ ಜೊತೆ ಕಾರ್ಟ್‌ರೈಟ್ ಎಂಬ ಆ ಮನುಷ್ಯ ಇಳಿದ. ಕಾಲಿಗೆ ತೆಳ್ಳನೆಯ ಚರ್ಮದ ಬೂಟು. ರನ್‌ವೇಯಿಂದ ಶಾಲೆಗೆ ಬರುವಷ್ಟರಲ್ಲಿ ಎರಡು ಸಲ ಜಾರಿ ಬಿದ್ದು, ಎರಡು ಸಲವೂ ಹಲ್ಲು ಕಿರಿದು, ಕಟ್ಟಿಹಾಕಿದ ನಾಯಿಗಳ ಫೋಟೊ ತೆಗೆದುಕೊಂಡ. ಮಾರ್ವಾ ಜಿಂಕೆ ಮಾಂಸದ ಸೂಪು ಬಡಿಸಿದಾಗ, "ನೀವೆಲ್ಲ ಇಲ್ಲಿ ಹೊತ್ತು ಹೇಗೆ ಕಳೀತೀರಿ?" ಎಂದು ಕೇಳಿದ.

"ನಿಮ್ಮಂಥವರು ಬಂದು ಬೀಳೋದನ್ನ ನೋಡ್ತೀವಿ," ಎಂದಳು ಮಾರ್ವಾ.

ಅವನು ಅದಕ್ಕೂ ಹಲ್ಲು ಕಿರಿದ. ಆಗಲೇ ವೆಂಡೆಲ್ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಕಾರ್ಟ್‌ರೈಟ್ ಸೂಪಿನ ಚಮಚವನ್ನು ಬಾಯಿಗೂ ಬಟ್ಟಲಿಗೂ ನಡುವೆ ಹಿಡಿದು, ಹುಡುಗನನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ, ಮೇಲಿನಿಂದ ಕೆಳಕ್ಕೆ ಒಮ್ಮೆ ನೋಡಿದ.

ಶುಕ್ರವಾರದ ಆಟ ನೋಡುವಂತಿರಲಿಲ್ಲ. ಇಪ್ಪತ್ತೊಂದಕ್ಕೆ ನಾಲ್ಕು. ಕೊನೆಯ ನಿಮಿಷದಲ್ಲಿ ಎರಡು ಅಂಕ ಹಿಂದಿದ್ದಾಗ ಬುಟ್ಟಿಯ ಕೆಳಗೆ ಜೊತೆಗಾರನೊಬ್ಬ ಎರಡೂ ಕೈಯೆತ್ತಿ ಕೂಗುತ್ತಿದ್ದರೂ ವೆಂಡೆಲ್ ಮೂವರ ನಡುವಿನಿಂದ ತಾನೇ ಎಸೆದ. ಚೆಂಡು ಬಳೆಯನ್ನೂ ಮುಟ್ಟಲಿಲ್ಲ. ಊರು ಗಪ್‌ಚುಪ್. ಮುಂದಿನ ಸಾಲಿನಲ್ಲಿ ಕೂತಿದ್ದ ಲೆಸ್ಟರ್ ತನ್ನ ಮೊಣಕಾಲನ್ನು ಸವರಿಕೊಂಡ, ಮುಖದಲ್ಲಿ ಅಂಥ ದುಃಖವೇನೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಮಾರ್ವಾ ವೆಂಡೆಲ್‌ನ ಹೊದಿಕೆ ಎಳೆದಳು. "ಏಳು. ಆ ಚೆಂಡು ತಗೋ. ಫ್ಲಾಸಿ ಅಜ್ಜಿ ಮನೆಗೆ ಹೋಗೋಣ."

"ಅಯ್ಯೋ, ನೀನೂ ಶುರು ಮಾಡಿದ್ಯಾ?" ಅವನು ಮುಸುಕಿನೊಳಗಿಂದಲೇ ನಕ್ಕ. "ಚರ್ಚಿನ ಮೊದಲನೇ ಬೆಂಚು!"

"ನಿನ್ನ ಹಲ್ಲು ಉದುರಿಸ್ತೀನಿ ನೋಡು."

"ಅದು ನನ್ನ ಚೆಂಡು, ಚಿಕ್ಕಿ. ನಾನು ಸಂಪಾದಿಸಿದ್ದು."

"ನೀನು ಸಂಪಾದಿಸಿದ್ದು! ಏಳು ವರ್ಷ ನಿನ್ನ ಹೊಟ್ಟೆಗೆ ಹೋಗಿದ್ದೆಲ್ಲ ಯಾರು ಸಂಪಾದಿಸಿದ್ದೋ, ಕಂಬ? ಆ ನಾಲ್ಕು ಜನ ಹುಡುಗರು ಓಡಿ ಓಡಿ ನಿಂಗೆ ಚೆಂಡು ತಂದು ಕೊಟ್ಟಿದ್ದಕ್ಕೆ ಸಾವಿರ ಆಯ್ತು. ಅವರಲ್ಲಿ ಒಬ್ಬನ ಹೆಸರು ಹೇಳಿದ್ಯಾ ಯಾವತ್ತಾದ್ರೂ? ನಾಚಿಕೆ ಆಗಲ್ವಾ ನಿಂಗೆ?"

ಅವನ ನಗು ನಿಂತಿತು. ಗೋಡೆಯ ಕಡೆ ತಿರುಗಿದ. ಆಮೇಲೆ ಎದ್ದು ಪಾರ್ಕಾ ಎಂಬ ದಪ್ಪ ಚಳಿ ಅಂಗಿ ಹಾಕಿಕೊಂಡು, ಚೆಂಡನ್ನು ಅದರೊಳಗೆ ತೂರಿಸಿದ. ಹೊಟ್ಟೆ ಉಬ್ಬಿಕೊಂಡಿತು. ಆ ವೇಷದಲ್ಲಿ ಅವನು ಥೇಟ್ ಲೆಸ್ಟರ್‌ನಂತೆ ಕಂಡ. ಮಾರ್ವಾ ಅವನನ್ನು ಬೇಗ ಬಾಗಿಲಾಚೆ ತಳ್ಳಿದಳು.

ಫ್ಲಾಸಿ ಅಜ್ಜಿ ತನ್ನ ಮನೆಯ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ತೊಂಬತ್ತೊಂದು ವರ್ಷ. ಕಣ್ಣಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದು, ಆದರೆ ಕಿವಿ ಎಷ್ಟು ಚುರುಕೆಂದರೆ ಯಾರ ಬೂಟು ಎಂಬುದು ಹೊಸಿಲಲ್ಲೇ ಗೊತ್ತಾಗುತ್ತಿತ್ತು.

"ಬಂತೇನೇ ನಿನ್ನ ಕಂಬ?"

"ಬಂತು ಅಜ್ಜಿ. ನಿಂಗೆ ಏನೋ ತಂದಿದಾನೆ."

ವೆಂಡೆಲ್ ಚೆಂಡನ್ನು ಅವಳ ಮಡಿಲಲ್ಲಿಟ್ಟ. ಅಜ್ಜಿ ಅದನ್ನು ತಡವಿದಳು, ತಟ್ಟಿದಳು, ಮೂಗಿನ ಹತ್ತಿರ ಹಿಡಿದು ಬಣ್ಣದ ವಾಸನೆ ನೋಡಿದಳು.

"ಇದನ್ನ ತಿನ್ನೋಕಾಗುತ್ತಾ?"

"ಇಲ್ಲ ಅಜ್ಜಿ."

"ಒಳಗೇನಿದೆ?"

"ಗಾಳಿ."

"ಗಾಳಿ ಈ ಊರಲ್ಲಿ ಸಾಕಷ್ಟಿದೆ. ಇದನ್ನ ಯಾರೋ ಕೇಳಿದ್ರು ನಿನ್ನ? ನಾನು ಕೇಳಿದ್ನಾ? ಅಂಗಡೀಲಿ ಕೂತಿರೋ ಆ ಮೂರ್ಖ ಏನೋ ಅಂದ, ನೀವು ಎದ್ದು ಬಂದ್ರಿ." ಅಜ್ಜಿ ಚೆಂಡನ್ನು ನೆಲಕ್ಕೆ ಬಿಟ್ಟು ಅದರ ಮೇಲೆ ಎರಡೂ ಕಾಲು ಚಾಚಿಟ್ಟಳು. "ಹ್ಞಾಂ. ಇದಕ್ಕೆ ಆಗುತ್ತೆ. ಈಗ ನಿಜವಾಗಿ ತರಬೇಕಾಗಿರೋದನ್ನ ತಂದಿದ್ರೆ ಕೊಡು."

ಅಜ್ಜಿ ತನ್ನ ಸೊಟ್ಟ ಬೆರಳುಗಳನ್ನು ಒಂದೊಂದಾಗಿ ಮಡಚುತ್ತ ಹೇಳಿದಳು. "ಸೀಲಿಗೆ ಒಂದೊಂದು ಕಡೆ ಹದಿನೈದು ಪಕ್ಕೆಲುಬು, ಒಟ್ಟು ಮೂವತ್ತು. ನಂಗೆ ಬಂದಿದ್ದು ಇಪ್ಪತ್ತೆಂಟು. ಕಣ್ಣು ಹೋಗಿರ್ಬಹುದು ಕಣ್ರೋ, ಬೆರಳು ಹೋಗಿಲ್ಲ. ಏಳು ವರ್ಷದಿಂದ ಕಾಯ್ತಾ ಇದೀನಿ, ಯಾರಾದ್ರೂ ಬಂದು ಹೇಳ್ತಾರಾ ಅಂತ."

ಊರಿಗೆಲ್ಲ ನೀತಿ ಹೇಳುವ ಮಾರ್ವಾಳ ಬಾಯಿ, ಅರ್ಧ ಗಂಟೆಯ ಹಿಂದೆ ಹುಡುಗನಿಗೆ ನಾಚಿಕೆಯಿಲ್ಲವೇ ಎಂದು ಕೇಳಿದ ಬಾಯಿ, ಈಗ ತೆರೆಯಲೇ ಇಲ್ಲ. ವೆಂಡೆಲ್ ಮಾತಾಡಿದ.

"ನಾನು ತಿಂದೆ ಅಜ್ಜಿ. ಎರಡೂ ನಾನೇ. ಚಿಕ್ಕಿ ಇಲ್ಲದಾಗ ಕದ್ದು ತಿಂದೆ. ಅವಳಿಗೆ ಗೊತ್ತೇ ಇಲ್ಲ."

ಚೆಂಡನ್ನು ಯಾರಿಗೂ ಕೊಡದವನು. ನೀರಿನ ಡ್ರಮ್ಮಿನ ಪಕ್ಕ ಕೈ ಬೀಸಿಕೊಂಡು ಹೋಗುವವನು. ಹತ್ತನೆಯ ವಯಸ್ಸಿನಿಂದ ಆಲ್ಬನ್‌ನ ಬಿಡಾರದಲ್ಲಿ ಅಷ್ಟು ಜನರ ನಗೆಪಾಟಲಾಗುತ್ತ ಕೂತಾಗಲೂ, ಚಿಕ್ಕಿ ತಿನ್ನಿಸಿದಳೆಂದು ಅವನು ಒಬ್ಬರ ಮುಂದೂ ಬಾಯಿಬಿಟ್ಟಿರಲಿಲ್ಲ. ಮಾರ್ವಾಳಿಗೆ ಅದು ಈಗ ಹೊಳೆಯಿತು. ತಾನು ಏಳು ವರ್ಷ ಯಾರನ್ನು ಹೀಗಳೆಯುತ್ತ ಬಂದೆ ಎಂಬುದೂ ಹೊಳೆಯಿತು.

"ಹತ್ತು ವರ್ಷದ ಹುಡುಗ, ಕುದಿಯೋ ಪಾತ್ರೆಗೆ ಕೈ ಹಾಕಿ, ಸುಟ್ಕೊಳ್ದೆ ತೆಗ್ದ್ಯಾ?" ಅಜ್ಜಿ ಕೇಳಿದಳು. "ಭಾರಿ ಜಾಣ."

"ಅವನು ಸುಳ್ಳು ಹೇಳ್ತಿದಾನೆ ಅಜ್ಜಿ," ಎಂದಳು ಮಾರ್ವಾ. ಅವಳ ದನಿ ಅವಳಿಗೇ ಪರಕೀಯವಾಗಿತ್ತು. "ತೆಗೆದು ಕೊಟ್ಟವಳು ನಾನು. ಹಸಿವು ಅಂದ. ಒಂದು ಅವನಿಗೆ ತಿನ್ನಿಸ್ದೆ, ಒಂದು ನಾನು ತಿಂದೆ."

"ಇಷ್ಟು ಹೇಳೋಕೆ ಏಳು ವರ್ಷ ಬೇಕಾಯ್ತೇನೇ?" ಅಜ್ಜಿಯ ತುಟಿ ಸೊಟ್ಟಗಾಯಿತು. "ಮಗು ಹಸಿದಿದೆ ಅಂದಿದ್ರೆ ನಾನು ಬೇರೆ ಮಾಂಸ ಕೊಡ್ತಿರ್ಲಿಲ್ವಾ? ಹಿರಿಯರನ್ನ ಕೇಳಿದ್ರೆ ಎಲ್ಲದಕ್ಕೂ ದಾರಿ ಇತ್ತು. ಕೇಳೋಕೆ ನಿಂಗೆ ಜಂಬ. ಈ ಕಂಬಕ್ಕೆ ಜಂಬ ಎಲ್ಲಿಂದ ಬಂತು ಅಂತ ಊರೆಲ್ಲ ಕೇಳುತ್ತೆ. ನಾನು ಕೇಳಲ್ಲ."

ಮಾರ್ವಾ ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕೂತಳು.

"ಆ ಸೀಲ್ ಲೆಕ್ಕಕ್ಕಿಲ್ಲ," ಎಂದಳು ಅಜ್ಜಿ. "ಇವನ ಮೊದಲ ಬೇಟೆ ಇನ್ನೂ ಆಗಿಲ್ಲ. ತರಲಿ."

"ಇವತ್ತು ಆಟ ಇದೆ ಅಜ್ಜಿ. ಆ ಮನುಷ್ಯ ಬಂದಿದಾನೆ..." ಎಂದ ವೆಂಡೆಲ್.

"ಇವತ್ತೇ ತಾ ಅಂದ್ನಾ? ನಾನು ಕಾಯ್ತೀನಿ. ನಂಗೇನು ಅವಸರ? ಇನ್ನೂ ತೊಂಬತ್ತೊಂದೇ."

ಆ ಸಂಜೆಯ ಆಟದಲ್ಲಿ ಪವಾಡವೇನೂ ನಡೆಯಲಿಲ್ಲ. ಇಪ್ಪತ್ತಕ್ಕೆ ಎಂಟು, ಎರಡು ಸಲ ಚೆಂಡನ್ನು ಜೊತೆಗಾರರಿಗೆ ದಾಟಿಸಿದ, ಅವರಿಗೆ ಅಭ್ಯಾಸವಿಲ್ಲದೆ ಎರಡನ್ನೂ ಕೈಬಿಟ್ಟರು. ತಂಡ ಮೂರು ಅಂಕಗಳಿಂದ ಗೆದ್ದಿತು. ಊರು ಮತ್ತೆ ಕುಣಿಯಿತು. ಚೆಂಡು ಅಜ್ಜಿಯ ಮನೆ ಸೇರಿದ ಸುದ್ದಿ ಹಬ್ಬಿತ್ತು; ಅದರಿಂದಲೇ ಗೆದ್ದೆವೆಂದು ಲೆಸ್ಟರ್ ಎಲ್ಲರ ಕೈ ಕುಲುಕಿ, ಗೆದ್ದವನು ತಾನೇ ಎಂಬಂತೆ ಓಡಾಡಿದ.

ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಿದ್ದ ಮಾರ್ವಾಳ ಬಳಿಗೆ ಕಾರ್ಟ್‌ರೈಟ್ ಬಂದ. ಅವಳು ಕೈ ಒರೆಸಿಕೊಂಡು ನಿಂತಳು.

"ಹುಡುಗನನ್ನ ತಗೊಳ್ತೀವಿ," ಎಂದ. "ಆಗಸ್ಟಿಗೆ ಕಳಿಸಿ."

"ನಿನ್ನೆ ಅಷ್ಟು ಕೆಟ್ಟದಾಗಿ ಆಡಿದ್ನಲ್ಲ?"

"ಎಸೆಯೋದನ್ನ ಹೇಳಿಕೊಡಬಹುದು. ಎತ್ತರ ಹೇಳಿಕೊಡೋಕಾಗುತ್ತಾ? ಇನ್ನೂ ಬೆಳೀತಿದಾನೆ. ಗುರುವಾರ ಅವನು ಈ ಬಾಗಿಲಲ್ಲಿ ತಲೆ ಬಗ್ಗಿಸಿದಾಗಲೇ ನಾನು ತೀರ್ಮಾನ ಮಾಡಿಬಿಟ್ಟೆ."

ಮಾರ್ವಾ ಅವನನ್ನು ದಿಟ್ಟಿಸಿದಳು. ಮೂರು ವಾರ ಊರು ಕಂಗಾಲಾಗಿತ್ತು, ತಾನು ಏಳು ವರ್ಷ ಒಳಗೊಳಗೇ ಬೆಂದಿದ್ದಳು; ಈ ಬೆಪ್ಪು ಮನುಷ್ಯ ಅಳತೆಪಟ್ಟಿ ಹಿಡಿದು ಬಂದಿದ್ದ. "ಎತ್ತರವೇ ಬೇಕಿದ್ರೆ ರನ್‌ವೇಲಿ ದೀಪದ ಕಂಬ ಇದೆ. ಅದು ನೀರು ಖಾಲಿ ಅಂತ ಹೇಳಲ್ಲ, ಊಟಾನೂ ಕೇಳಲ್ಲ," ಎಂದಳು. ಅವನು ಹಲ್ಲು ಕಿರಿದ. ಅವನು ಹೋದ ಮೇಲೆ ಅವಳು ಹಿಟ್ಟಿನ ಮೂಟೆಯ ಮೇಲೆ ಕೂತು ಮನಸಾರೆ ಅತ್ತಳು.

ಮಾರ್ಚ್ ಮುಗಿಯಿತು, ಆಟಗಳು ಮುಗಿದವು. ಆಲ್ಬನ್‌ನ ದೋಣಿಗೆ ತಿಮಿಂಗಿಲ ಸಿಕ್ಕಿತು, ಕಾಫಿ ಎಂದಿನಂತೆ ನೀರು ನೀರಾಗಿತ್ತು. ಜೂನ್‌ನಲ್ಲಿ ಗಡ್ಡೆ ಒಡೆದು ಕಡಲು ತೆರೆದುಕೊಂಡಾಗ ವೆಂಡೆಲ್ ತಾನಾಗಿಯೇ ಮಾವನ ಮುಂದೆ ನಿಂತು, "ಮಾವ, ನನ್ನೂ ದೋಣೀಲಿ ಕರ್ಕೊಂಡು ಹೋಗು," ಎಂದ.

"ಯಾಕೆ? ಹುಟ್ಟಿನ ಬದಲು ನೀರಿಗೆ ಬಿಡೋಕಾ ನಿನ್ನ?" ಎಂದ ಆಲ್ಬನ್. ಆದರೂ ಕರೆದೊಯ್ದ.

ಹತ್ತು ಸಲ ಹೋದ, ಹತ್ತು ಸಲ ಬರಿಗೈ. ಒಮ್ಮೆ ಎದ್ದು ನಿಂತು ದೋಣಿಯನ್ನೇ ಮಗುಚಲಿದ್ದ. ಒಮ್ಮೆ ಮಂಜಿನ ತುಂಡನ್ನು ಸೀಲ್ ಎಂದು ಹೊಡೆದ. ಊರಿನ ಹುಡುಗರು ದಂಡೆಯಲ್ಲಿ ನಿಂತು, "ಎಷ್ಟು ಅಂಕ ಬಂತೋ?" ಎಂದು ಕೇಳುತ್ತಿದ್ದರು. ಅವನು ತಲೆ ತಗ್ಗಿಸಿ ದೋಣಿ ಎಳೆಯುತ್ತಿದ್ದ. ಟೋಪಿ ಹಾಕಿಕೊಳ್ಳುವುದನ್ನಂತೂ ಕಲಿತಿದ್ದ. ಹನ್ನೊಂದನೆಯ ಸಲ ಸೀಲ್ ತಂದ.

ದೊಡ್ಡದೇನಲ್ಲ. ದಂಡೆಯಿಂದ ಫ್ಲಾಸಿ ಅಜ್ಜಿಯ ಮನೆಯವರೆಗೆ ಅದನ್ನು ತಾನೊಬ್ಬನೇ ಎಳೆದುಕೊಂಡು ಹೋದ. ಮಾರ್ವಾ ಅರ್ಧಚಂದ್ರಾಕಾರದ ಕತ್ತಿಯಿಂದ ಅದನ್ನು ಕೊಯ್ದು ಪಾಲು ಮಾಡಿದಳು. ವೆಂಡೆಲ್ ಪಾಲುಗಳನ್ನು ಹೊತ್ತು ಊರಿನ ಹಿರಿಯರ ಮನೆಮನೆಗೆ ಹಂಚಿ ಬಂದ. ಪಕ್ಕೆ ಅಜ್ಜಿಯ ಪಾಲಿಗೇ ಬಂತು. ಈ ಸಲ ಅದು ಅಜ್ಜಿಯ ಒಲೆಯ ಮೇಲೆ, ಅಜ್ಜಿಯ ಪಾತ್ರೆಯಲ್ಲೇ ಬೆಂದಿತು. ಬೆಂದ ಮೇಲೆ ಅಜ್ಜಿ ಚಿನ್ನದ ಬಣ್ಣ ಉದುರಿದ ಚೆಂಡಿನ ಮೇಲೆ ಕಾಲಿಟ್ಟು ಕೂತು, ತಟ್ಟೆಯಲ್ಲಿ ಬೆರಳಾಡಿಸಿ ಎಣಿಸಿದಳು. ಮನೆ ತುಂಬ ಜನ ಕತ್ತು ಚಾಚಿ ನಿಂತಿದ್ದರು.

"ಮೂವತ್ತು," ಎಂದಳು.

ತಾನು ಒಂದನ್ನು ಬಾಯಿಗಿಟ್ಟು ಸಾವಧಾನವಾಗಿ ಚೀಪಿದಳು. ಆಮೇಲೆ ಒಬ್ಬೊಬ್ಬರನ್ನೇ ಕರೆದು ಕೊಡತೊಡಗಿದಳು: ಆಲ್ಬನ್‌ಗೆ, ಅವನ ದೋಣಿಯವರಿಗೆ, ತಂಡದ ಆ ನಾಲ್ಕು ಹುಡುಗರಿಗೆ, ಕೊನೆಗೆ ಬಾಗಿಲಲ್ಲಿ ಇಣುಕುತ್ತಿದ್ದ ಲೆಸ್ಟರ್‌ಗೂ. ವೆಂಡೆಲ್ ಗೋಡೆಗೊರಗಿ ನಿಂತು ಎಲ್ಲರೂ ತಿನ್ನುವುದನ್ನು ನೋಡುತ್ತಿದ್ದ. ಅವನ ಮುಖದಲ್ಲಿ ಆಟದ ದಿನಗಳ ಆ ಹಾಳು ಠೀವಿ ಇರಲಿಲ್ಲ. ಬೆಳಗಿನಿಂದ ಕೊಯ್ದು ಬೇಯಿಸಿ ಹಸಿದಿದ್ದ ಮಾರ್ವಾ ತನ್ನ ಸರದಿ ಬಂದಾಗ ಕೈ ಚಾಚಿದಳು.

ಅಜ್ಜಿ ಆ ಕೈಯನ್ನು ಸವರಿ ಯಾರದೆಂದು ಗುರುತಿಸಿ, ಪಟ್ಟನೆ ಒಂದು ಏಟು ಕೊಟ್ಟಳು.

"ನಿಂಗಿಲ್ಲ."

ಮಾರ್ವಾಳ ಮುಖಕ್ಕೆ ರಕ್ತವೇರಿತು. "ಇನ್ನೂ ಆ ಹಳೇ ಪಕ್ಕೆಲುಬಿನ ಸಿಟ್ಟಾ ಅಜ್ಜಿ? ಇಷ್ಟು ಜನರ ಮುಂದೆ? ಆ ಲೆಸ್ಟರ್‌ಗೂ ಕೊಟ್ಟೆ, ನಂಗೆ ಇಲ್ವಾ?"

"ಬುದ್ಧಿ ಯಾವಾಗ ಬರುತ್ತೇ ನಿಂಗೆ, ಪೆದ್ದೀ?" ಎಂದಳು ಅಜ್ಜಿ. "ಹುಡುಗನ ಮೊದಲ ಬೇಟೆ. ಅವನ ತಾಯಿ ತಿನ್ನೋ ಹಾಗಿಲ್ಲ."

ಮಾರ್ವಾ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಮೆಲ್ಲಗೆ ಹೋಗಿ ವೆಂಡೆಲ್‌ನ ಪಕ್ಕ ಗೋಡೆಗೊರಗಿ ನಿಂತಳು. ತಿನ್ನಲು ಏನೂ ಸಿಗದ ಅವರಿಬ್ಬರು, ಉಳಿದವರೆಲ್ಲ ತಿಂದು ಮುಗಿಸುವವರೆಗೂ ಅಲ್ಲೇ ನಿಂತಿದ್ದರು.